ದುಃಖದ ಕಾಲದ ಹದಿನೇಳನೆಯ ದಿನ

ನಾಗಸಾಕಿ ರೈಲು ನಿಲ್ದಾಣದಿಂದ ನಿಶಿಜಾಕ ಗುಡ್ಡ ನಡಿಗೆಯ ದೂರ. ಆದರೆ ಏರು ಕಡಿದು. ಮಂಡಿನೋವಿನ ಅಕ್ಕ ಎರಡು ಕಡೆ ನಿಂತು ಸುಧಾರಿಸಿಕೊಂಡಳು. ಕೈಚೀಲ ಕೊಡು ಎಂದರೆ ಕೊಡಲಿಲ್ಲ. ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ತಪಸ್ಸು ಕಾಲದಲ್ಲೇ ಇಲ್ಲಿಗೆ ಬರಬೇಕೆಂಬುದು ಅವಳ ಬಹುಕಾಲದ ಆಸೆ. ನಾನು ಜೊತೆಗೆಂದು ಹೊರಟವನು. ಭಾನುವಾರದ ಚರ್ಚಿನ ಬಲಿಪೂಜೆಯನ್ನು ಬಿಟ್ಟಿರಲಿಲ್ಲ, ನಿಜ. ಆದರೆ ಒಬ್ಬನೇ ಕುಳಿತು ಪ್ರಾರ್ಥಿಸಿ ವರ್ಷಗಳೇ ಕಳೆದಿದ್ದವು. ಇಂಥದ್ದೇ ಕಾರಣ ಎಂದು ಬೆರಳಿಟ್ಟು ತೋರಿಸುವಂಥದ್ದೇನೂ ನಡೆದಿರಲಿಲ್ಲ. ಬೇಸಿಗೆಯ ಬಾವಿಯಲ್ಲಿ ನೀರು ಇಳಿಯುವ ಹಾಗೆ ಇಳಿದುಹೋಗಿತ್ತು, ಅಷ್ಟೆ.

ಗುಡ್ಡದ ಮೇಲೆ ಇಪ್ಪತ್ತಾರು ಕಂಚಿನ ಮೂರ್ತಿಗಳು ಸಾಲಾಗಿ ನಿಂತಿವೆ. ನಿಂತಿವೆ ಎನ್ನುವುದೂ ಸರಿಯಲ್ಲ. ಪಾದಗಳು ನೆಲ ಮುಟ್ಟುವುದಿಲ್ಲ. ಕ್ಯೋಟೊದಿಂದ ಚಳಿಗಾಲದಲ್ಲಿ ನಡೆಸಿಕೊಂಡು ಬಂದು 1597ರ ಫೆಬ್ರವರಿ 5ರಂದು ಕ್ರೈಸ್ತರಾದ ಇವರನ್ನು ನಂಬಿಕೆಯ ಕಾರಣಕ್ಕೆ ಇಲ್ಲಿ ಶಿಲುಬೆಗೇರಿಸಿದರು. ಸಾಲಿನಲ್ಲಿ ಗಿಡ್ಡ ಮೂರ್ತಿಗಳು ಮಕ್ಕಳವು. ಎಲ್ಲರಿಗಿಂತ ಕಿರಿಯವನಿಗೆ ಹನ್ನೆರಡು ವರ್ಷ. ನಮ್ಮ ದೇಶದ ವಸಾಯಿಯಲ್ಲಿ ಹುಟ್ಟಿದ ಗೊನ್ಸಾಲೊ ಗಾರ್ಸಿಯಾ ಕೂಡ ಇವರಲ್ಲೊಬ್ಬ. ಅಕ್ಕ ಅವನಿಗಾಗಿ ಬೇರೆಯೇ ಒಂದು ಜಪಸರ ಒಪ್ಪಿಸಿದಳು.

ನಾನು ಪಕ್ಕದಲ್ಲಿ ಸುಮ್ಮನೆ ನಿಂತಿದ್ದೆ. ರಕ್ತಸಾಕ್ಷಿಗಳ ಮುಂದೆ ತಲೆ ತಾನಾಗಿ ಬಾಗುತ್ತದೆ. ಆದರೂ ನನ್ನೊಳಗಿನ ಪ್ರಶ್ನೆಗೆ ಅವರಲ್ಲಿ ಉತ್ತರ ಸಿಗಲಿಲ್ಲ. ಅವರ ಪರೀಕ್ಷೆಗೆ ಒಂದು ಕೊನೆಯ ದಿನವಿತ್ತು. ಮರುದಿನ, ಅದರ ಮರುದಿನ, ನಲವತ್ತು ವರ್ಷದ ನಂತರದ ಮರುದಿನವೂ ನಂಬಿಕೊಂಡೇ ಇರಬೇಕಾದವರು ಏನು ಮಾಡಿದರು?

ಉತ್ತರದ ಮೊದಲ ತುಣುಕು ಸಿಕ್ಕಿದ್ದು ಮೂರ್ತಿಗಳ ಹಿಂದಿನ ಸಂಗ್ರಹಾಲಯದಲ್ಲಿ. ಗಾಜಿನೊಳಗೆ ಒಂದು ಸಣ್ಣ ಕಾಗದದ ಚಿತ್ರ, ‘ಹಿಮದ ಸಾಂತಾ ಮರಿಯಾ’. ಜಪಾನಿ ಕೈಚಳಕದ ಮಾತೆ ಮರಿಯಮ್ಮ; ಬಾಗಿದ ಮುಖ, ಕೈಮುಗಿದ ಭಂಗಿ. ಮೈತುಂಬ ಅಡ್ಡಡ್ಡ ಸುಕ್ಕುಗಳು, ಅಂಚೆಲ್ಲ ಹರಿದಿದೆ. ಸೊತೊಮೆ ಎಂಬ ಕಡಲಂಚಿನ ಸೀಮೆಯಲ್ಲಿ ಇದನ್ನು ಬಿದಿರಿನ ಕೊಳವೆಯಲ್ಲಿ ಸುತ್ತಿ ಬಚ್ಚಿಟ್ಟಿದ್ದರಂತೆ. ಎಷ್ಟು ಸಲ ಬಿಚ್ಚಿದರೋ, ಎಷ್ಟು ಸಲ ಹೆದರಿ ಮತ್ತೆ ಸುತ್ತಿದರೋ! ಮುಖ ಮಾತ್ರ ಉಳಿದಿದೆ. ನನಗೆ ಆ ಸುಕ್ಕುಗಳಿಂದ ಕಣ್ಣು ಕೀಳಲಾಗಲಿಲ್ಲ.

1614ರಲ್ಲಿ ಇಡೀ ದೇಶದಲ್ಲಿ ಕ್ರೈಸ್ತ ಧರ್ಮಕ್ಕೆ ನಿಷೇಧ ಬಿತ್ತು. ಮುಂದಿನ ಮೂವತ್ತು ವರ್ಷಗಳಲ್ಲಿ ಗುರುಗಳೆಂಬುವರು, ಅಂದರೆ ಪಾದ್ರಿಗಳು, ಯಾರೂ ಉಳಿಯಲಿಲ್ಲ. ಹೊಸವರ್ಷ ಬಂತೆಂದರೆ ನಾಗಸಾಕಿಯ ಸುತ್ತಿನ ಜನ ಒಬ್ಬೊಬ್ಬರಾಗಿ ಬಂದು ಯೇಸುವಿನ, ಮರಿಯಮ್ಮನ ಚಿತ್ರದ ಮೇಲೆ ಕಾಲಿಡಬೇಕಿತ್ತು. ‘ಫುಮಿಎ’ ಎಂದು ಅದರ ಹೆಸರು. ಇಡದವರಿಗೆ ಸಾವು. ಬಹಳ ಮಂದಿ ಇಟ್ಟರು. ಇಂದು ಉಳಿದಿರುವ ಹಿತ್ತಾಳೆಯ ಫಲಕಗಳಲ್ಲಿ ಕ್ರಿಸ್ತನ ಮೂಗು, ಮೊಣಕಾಲು ಸವೆದು ನುಣುಪಾಗಿವೆ. ಸವೆಸಿದ ಪಾದಗಳಲ್ಲಿ ನಂಬಿದವರ ಪಾದಗಳೂ ಇದ್ದವು.

ಕಾಲಿಟ್ಟ ಮೇಲೆ ಅವರು ಮನೆಗೆ ಹೋಗಿ ಪಶ್ಚಾತ್ತಾಪದ ಪ್ರಾರ್ಥನೆ ಹೇಳುತ್ತಿದ್ದರು. ಪಾಪನಿವೇದನೆ ಕೇಳಲು ಗುರುಗಳಿಲ್ಲದಿದ್ದರೂ ಮನಸಾರೆ ಮರುಗಿದವರಿಗೆ ದೇವರ ಕ್ಷಮೆಯುಂಟು ಎಂದು ಕಲಿಸುವ, 1603ರಲ್ಲಿ ಸಿದ್ಧವಾದ ಪುಟ್ಟ ಪುಸ್ತಕವೊಂದಿತ್ತು. ಅದನ್ನು ಕೈಯಲ್ಲೇ ನಕಲು ಮಾಡಿಕೊಂಡು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದರು. ಪ್ರತಿವರ್ಷ ತುಳಿಯುವುದು, ಪ್ರತಿವರ್ಷ ಅಳುವುದು. ಅಚಲ ನಂಬಿಕೆ ಎಂಬ ಮಾತನ್ನು ಪ್ರಬೋಧನೆಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಇನ್ನೂರೈವತ್ತು ವರ್ಷ ಬಾಳಿದ ಈ ನಂಬಿಕೆ ಅಚಲವಾಗಿರಲಿಲ್ಲ. ಹಿಂದಿರುಗುವ ದಾರಿಯನ್ನು ಹುಲ್ಲು ಬೆಳೆಯದಂತೆ ತುಳಿದಿಟ್ಟುಕೊಂಡಿತ್ತು.

ಮರುದಿನ ಟ್ರಾಮ್ ಹಿಡಿದು ಓಉರಾ ದೇವಾಲಯಕ್ಕೆ ಹೋದೆವು. ಪೀಠದ ಬಲಗಡೆ ಫ್ರಾನ್ಸಿನಿಂದ ಬಂದ ಮರಿಯಮ್ಮನ ಪ್ರತಿಮೆಯಿದೆ. 1865ರ ಮಾರ್ಚ್ 17ರ ಮಧ್ಯಾಹ್ನ ಗುಟ್ಟಾಗಿ ನಂಬಿಕೆ ಉಳಿಸಿಕೊಂಡಿದ್ದ ಉರಾಕಮಿ ಹಳ್ಳಿಯ ಒಂದು ಸಣ್ಣ ಗುಂಪು ಬಾಗಿಲಲ್ಲಿ ಬಂದು ನಿಂತಿತು. ಅಲ್ಲಿನ ಫ್ರೆಂಚ್ ಗುರು ಫಾದರ್ ಪೆಟಿಜಾನ್ ಪ್ರಾರ್ಥಿಸುತ್ತಿದ್ದಾಗ ಒಬ್ಬ ಹೆಂಗಸು ಹತ್ತಿರ ಬಂದು, ನಮ್ಮೆಲ್ಲರ ಹೃದಯವೂ ನಿಮ್ಮ ಹೃದಯದಂತೆಯೇ ಎಂದಳು. ಸಾಂತಾ ಮರಿಯಾಳ ಪ್ರತಿಮೆ ಎಲ್ಲಿ ಎಂದು ಕೇಳಿದಳು. ಈ ಕಥೆ ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಅವರಾಡಿದ ಇನ್ನೊಂದು ಮಾತು: ಈಗ ನಾವು ದುಃಖದ ಕಾಲದ ಹದಿನೇಳನೆಯ ದಿನದಲ್ಲಿದ್ದೇವೆ, ನೀವೂ ಇದನ್ನು ಆಚರಿಸುತ್ತೀರಾ?

ದುಃಖದ ಕಾಲವೆಂದರೆ ನಮ್ಮ ತಪಸ್ಸು ಕಾಲವೇ. ಬೆಂಚಿನ ಮೇಲೆ ಕುಳಿತು ಲೆಕ್ಕ ಹಾಕಿದೆ. ಅದು ಶುರುವಾಗುವ ವಿಭೂತಿ ಬುಧವಾರ ಆ ವರ್ಷ ಮಾರ್ಚ್ 1. ಹದಿನೇಳನೆಯ ದಿನ ಸರಿಯಾಗಿ ಮಾರ್ಚ್ 17. ಗುರುಗಳಿಲ್ಲ, ಬಲಿಪೂಜೆಯಿಲ್ಲ, ಗಂಟೆಯಿಲ್ಲ. ಎಣಿಕೆ ಮಾತ್ರ ಒಂದು ದಿನವೂ ತಪ್ಪಿರಲಿಲ್ಲ. ಊರಿನಲ್ಲಿ ಒಬ್ಬ ಪಂಚಾಂಗ ನೋಡಿ ಹಬ್ಬಗಳ ದಿನ ಗೊತ್ತುಮಾಡುತ್ತಿದ್ದ, ಇನ್ನೊಬ್ಬ ಮಕ್ಕಳಿಗೆ ಜ್ಞಾನಸ್ನಾನ ಕೊಡುತ್ತಿದ್ದ, ಮತ್ತೊಬ್ಬ ಮನೆಮನೆಗೆ ಸುದ್ದಿ ಮುಟ್ಟಿಸುತ್ತಿದ್ದ. ಇಡೀ ನಂಬಿಕೆಯ ಭಾರವನ್ನು ಒಬ್ಬನೇ ಹೊರಬೇಕಿರಲಿಲ್ಲ. ನನ್ನ ಕಣ್ಣು ತುಂಬಿದ್ದು ಅಲ್ಲಿ.

ಸಂಜೆಗೆ ಉರಾಕಮಿ. ಹೊರಬಿದ್ದ ಆ ಕ್ರೈಸ್ತರ ಕಷ್ಟ 1865ಕ್ಕೆ ಮುಗಿಯಲಿಲ್ಲ. ಎರಡು ವರ್ಷದಲ್ಲಿ ಮತ್ತೆ ಬಂಧನ, ಚಿತ್ರಹಿಂಸೆ. ಹಲವರು ತಾಳಲಾರದೆ ನಂಬಿಕೆ ಬಿಟ್ಟೆವೆಂದರು. ಮನೆ ಸೇರಿದ ಮೇಲೆ ಇರಲಾರದೆ ಗ್ರಾಮದ ಮುಖ್ಯಸ್ಥನಲ್ಲಿಗೆ ಹೋಗಿ, ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡೆವೆಂದರು. ಆಮೇಲೆ ಊರಿನ ಸುಮಾರು 3,400 ಮಂದಿಯನ್ನು ದೇಶದ ಮೂಲೆಮೂಲೆಗೆ ಗಡೀಪಾರು ಮಾಡಿದರು. 600ಕ್ಕೂ ಹೆಚ್ಚು ಮಂದಿ ಮರಳಲಿಲ್ಲ. 1873ರಲ್ಲಿ ಉಳಿದವರು ಬಂದರು. ಆ ವನವಾಸಕ್ಕೆ ಅವರಿಟ್ಟ ಹೆಸರು ‘ತಬಿ’, ಪ್ರಯಾಣ. ಬಂದವರು ಕೊಂಡ ಜಾಗ ಆ ಮುಖ್ಯಸ್ಥನ ಮನೆಯದೇ. ವರ್ಷವರ್ಷವೂ ಫುಮಿಎ ತುಳಿದ ನೆಲದ ಮೇಲೆ ದೇವಾಲಯ ಎದ್ದಿತು. 1945ರ ಆಗಸ್ಟ್ 9ರಂದು ಅಣುಬಾಂಬು ಬಿದ್ದದ್ದು ಅದರಿಂದ ಸುಮಾರು ಐನೂರು ಮೀಟರ್ ದೂರದಲ್ಲಿ. ಅವಶೇಷದಡಿ ಸಿಕ್ಕ ಒಂದು ಗಂಟೆಯನ್ನು ಆ ವರ್ಷದ ಕ್ರಿಸ್ಮಸ್ ಹಿಂದಿನ ರಾತ್ರಿ ಬಾರಿಸಿದರು. ಒಡೆದುಹೋದ ಇನ್ನೊಂದರ ಜಾಗಕ್ಕೆ ಹೊಸದು ಬಂದದ್ದು 2025ರಲ್ಲಿ, 80 ವರ್ಷಗಳ ಮೇಲೆ.

ನಾವು ಮೆಟ್ಟಿಲಿಳಿಯುವಾಗ ಗಂಟೆ ಬಾರಿಸಿತು. ಅಕ್ಕ ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದರಿಂದ ಶಿಲುಬೆ ಗುರುತು ಹಾಕಿಕೊಂಡಳು. ಮನೆಯಲ್ಲಿ ಯಾರ ಜ್ಞಾನಸ್ನಾನದ ದಿನ ಯಾವುದು, ಅಪ್ಪನ ಹೆಸರಿನ ಪೂಜೆ ಎಂದು, ಎಲ್ಲವನ್ನೂ ಫೋನ್ ಮಾಡಿ ನೆನಪಿಸುವವಳು ಅವಳೇ. ಎಷ್ಟೋ ಸಲ ನಾನು ಕೆಲಸದಲ್ಲಿದ್ದೇನೆಂದು ಫೋನ್ ಇಟ್ಟಿದ್ದೇನೆ.

“ಅಕ್ಕಾ, ಇವತ್ತು ತಪಸ್ಸು ಕಾಲದ ಎಷ್ಟನೆಯ ದಿನ?” ಎಂದು ಕೇಳಿದೆ.

“ಇಪ್ಪತ್ತಮೂರು” ಎಂದಳು, ಮೆಟ್ಟಿಲಿನಿಂದ ಕಣ್ಣೆತ್ತದೆ.