ಒಬ್ಬರ ಗಡಿಗೆ ಇನ್ನೊಬ್ಬರ ಸೈನ್ಯ

ಬೀದರ್
ಸೆಪ್ಟೆಂಬರ್ 21, 2025, ಭಾನುವಾರ

ಮೊನ್ನೆ ಶುಕ್ರವಾರ ರಷ್ಯಾದ ಮೂರು ಮಿಗ್-31 ವಿಮಾನಗಳು ತನ್ನ ಆಕಾಶಕ್ಕೆ ನುಗ್ಗಿ ಹೆಚ್ಚುಕಮ್ಮಿ 12 ನಿಮಿಷ ಹಾರಾಡಿದವು ಎಂದು ಎಸ್ಟೋನಿಯಾ ದೂರಿದೆ. ರಷ್ಯಾ ಒಪ್ಪುತ್ತಿಲ್ಲ. ರಷ್ಯಾದ ಪಕ್ಕದ ಎಸ್ಟೋನಿಯಾ ತೀರಾ ಚಿಕ್ಕ ದೇಶ. 14 ಲಕ್ಷ ಜನರೂ ಇಲ್ಲ. ನಮ್ಮ ಬೀದರ್ ಜಿಲ್ಲೆಯಲ್ಲೇ 2011ರ ಗಣತಿಯಲ್ಲಿ 17 ಲಕ್ಷ ಜನ ಇದ್ದರು. ಆ ದೇಶಕ್ಕೆ ಸ್ವಂತದ್ದೆಂದು ಒಂದು ಫೈಟರ್ ಜೆಟ್ ಕೂಡ ಇಲ್ಲ. ಮಿಗ್‌ಗಳನ್ನು ತಡೆಯಲು ಹಾರಿದ್ದು ಇಟಲಿಯ ಎಫ್-35 ವಿಮಾನಗಳು, ಯಾಕಂದರೆ ಎರಡೂ ದೇಶಗಳು ನ್ಯಾಟೊ ಎಂಬ ಅಮೆರಿಕ, ಯುರೋಪ್ ದೇಶಗಳ ರಕ್ಷಣಾ ಕೂಟದಲ್ಲಿವೆ.

ನಮ್ಮ ಊರವರಿಗೆ ಯುದ್ಧ ವಿಮಾನದ ಸದ್ದು ಹೊಸದಲ್ಲ. ವಾಯುನೆಲೆ ಪಕ್ಕದಲ್ಲೇ ಇದೆ. ಪೈಲಟ್‌ಗಳು ಹಾಕ್ ವಿಮಾನದಲ್ಲಿ ಕಲಿಯುವುದು ಇಲ್ಲೇ, ಸೂರ್ಯಕಿರಣ ತಂಡ ಇರುವುದೂ ಇಲ್ಲೇ. ಸದ್ದು ಕೇಳಿ ತಲೆ ಎತ್ತುವಷ್ಟರಲ್ಲಿ ವಿಮಾನ ಕೋಟೆ ದಾಟಿ ಹೋಗಿರುತ್ತದೆ. ಹಾಕ್ ಬರೀ ತರಬೇತಿ ವಿಮಾನ, ಮಿಗ್-31 ಅದಕ್ಕಿಂತ ಎಷ್ಟೋ ಪಟ್ಟು ವೇಗದ್ದು. ಅಂಥದ್ದು ಅಷ್ಟು ಚಿಕ್ಕ ದೇಶದ ಮೇಲೆ 12 ನಿಮಿಷ ಇತ್ತು ಎಂದರೆ ದಾರಿ ತಪ್ಪಿ ಬಂತು ಎಂದು ನನಗೆ ಅನಿಸುವುದಿಲ್ಲ. ಯಾರು ಎದ್ದು ಬರುತ್ತಾರೆ ನೋಡೋಣ ಎಂದೇ ಬಂದಿತ್ತು. ಇಟಲಿಯವರು ಎದ್ದು ಬಂದರು.

ಇದಕ್ಕೂ ಹತ್ತು ದಿನ ಮೊದಲು, ಸೆಪ್ಟೆಂಬರ್ 9ರ ರಾತ್ರಿ, ಪೋಲೆಂಡ್‌ಗೆ ಸುಮಾರು 20 ರಷ್ಯನ್ ಡ್ರೋನ್‌ಗಳು ನುಗ್ಗಿದ್ದವು. ಅವತ್ತು ಪೋಲೆಂಡ್‌ನ ಎಫ್-16 ಜೊತೆಗೆ ನೆದರ್ಲೆಂಡ್ಸ್‌ನ ಎಫ್-35 ಹಾರಿತು. ಇಟಲಿಯ ಕಣ್ಗಾವಲು ವಿಮಾನ ಮೇಲಿತ್ತು. ಜರ್ಮನಿಯ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಕೆಳಗೆ ಸಿದ್ಧವಾಗಿತ್ತು. ನಾಲ್ಕು ದೇಶದವರು ಒಂದೇ ರಾತ್ರಿ, ಒಂದೇ ಆಕಾಶದಲ್ಲಿ. ಇದು ಅವತ್ತು ಫೋನ್ ಮಾಡಿ ಕರೆಸಿಕೊಂಡದ್ದಲ್ಲ, ಮೊದಲೇ ಅಲ್ಲಿದ್ದರು. ನ್ಯಾಟೊದಂಥ ಕೂಟಗಳಿಗೆ ಈಗ ಬೆಲೆ ಇದೆಯಾ ಎಂದು ಯಾರಾದರೂ ಕೇಳಿದರೆ ನಾನು ಈ ರಾತ್ರಿಯನ್ನೇ ತೋರಿಸುತ್ತೇನೆ.

ನ್ಯಾಟೊ ಒಪ್ಪಂದದ ಐದನೇ ವಿಧಿ ಎಲ್ಲರ ಬಾಯಲ್ಲೂ ಇದೆ. ಒಬ್ಬರ ಮೇಲೆ ದಾಳಿಯಾದರೆ ಎಲ್ಲರ ಮೇಲೂ ಆದಂತೆ. ಆದರೆ ಅದೇ ವಿಧಿಯನ್ನು ಕೊನೆವರೆಗೂ ಓದುವವರು ಕಮ್ಮಿ. ದಾಳಿಗೆ ಒಳಗಾದವರಿಗೆ ಪ್ರತಿ ಸದಸ್ಯ ದೇಶವೂ ತನಗೆ ಅಗತ್ಯ ಎಂದು ಕಂಡ ಕ್ರಮದ ಮೂಲಕ ನೆರವಾಗಬೇಕು, ಸೇನಾ ಬಲವೂ ಅದರಲ್ಲಿ ಸೇರಬಹುದು ಎಂದು ಅಲ್ಲಿದೆ. ಯುದ್ಧಕ್ಕೆ ಇಳಿಯಲೇಬೇಕು ಎಂದಿಲ್ಲ. 1949ರಲ್ಲಿ ಇದನ್ನು ಬರೆಯುವಾಗ ಯುದ್ಧ ಸಾರುವ ಅಧಿಕಾರ ತಮ್ಮ ಸಂಸತ್ತಿನ ಕೈಯಲ್ಲೇ ಇರಬೇಕು ಎಂದು ಅಮೆರಿಕದವರು ಪಟ್ಟು ಹಿಡಿದಿದ್ದರು. ಅದಕ್ಕೇ ಈ ಸಡಿಲು. ಇಲ್ಲಿಯವರೆಗೆ ಈ ವಿಧಿ ಜಾರಿಗೆ ಬಂದದ್ದು ಒಂದೇ ಸಲ. ಅದೂ ಕೂಟದ ಅತಿ ದೊಡ್ಡ ದೇಶಕ್ಕಾಗಿ, 2001ರ ಸೆಪ್ಟೆಂಬರ್ 11ರ ದಾಳಿಯ ಮರುದಿನ. ಆಮೇಲೆ ಅಮೆರಿಕದ ಜೊತೆ ಅಫ್ಘಾನಿಸ್ತಾನಕ್ಕೆ ಹೋದ ಎಸ್ಟೋನಿಯಾ ತನ್ನ 9 ಸೈನಿಕರನ್ನು ಕಳೆದುಕೊಂಡಿತು. ಅಷ್ಟು ಸಣ್ಣ ದೇಶಕ್ಕೆ ಅದು ಸಣ್ಣ ಸಂಖ್ಯೆ ಅಲ್ಲ.

ಹಾಗಾದರೆ ಬಲ ಎಲ್ಲಿದೆ? ನನ್ನ ಪ್ರಕಾರ ಆ ವಿಧಿಯ ಮಾತಿನಲ್ಲಿ ಅಲ್ಲ. 2017ರಿಂದ ಎಸ್ಟೋನಿಯಾದಲ್ಲಿ ಬ್ರಿಟನ್, ಲಾಟ್ವಿಯಾದಲ್ಲಿ ಕೆನಡಾ, ಲಿಥುವೇನಿಯಾದಲ್ಲಿ ಜರ್ಮನಿ ಮುಂದಾಳಾಗಿ ನಿಂತು ಹಲವು ದೇಶಗಳ ಪಡೆಗಳನ್ನು ಇಟ್ಟಿವೆ. ಅವು ದೊಡ್ಡ ಪಡೆಗಳೇನಲ್ಲ. ರಷ್ಯಾ ಪೂರ್ತಿ ಬಲ ಹಾಕಿ ಬಂದರೆ ಅವೇ ತಡೆದು ನಿಲ್ಲಿಸುತ್ತವೆ ಎಂದು ಯಾರೂ ಹೇಳುವುದಿಲ್ಲ. ಆದರೆ ಎಸ್ಟೋನಿಯಾದ ಮೇಲೆ ಯುದ್ಧ ಬಿದ್ದ ಮೊದಲ ದಿನವೇ ಬ್ರಿಟನ್ನಿನ ಯಾವುದೋ ಊರಿನ ಮನೆಗೆ ಸಾವಿನ ಸುದ್ದಿ ಹೋಗುತ್ತದೆ. ಆಮೇಲೆ ಲಂಡನ್ನಿನಲ್ಲಿ ಕೂತು ಹೋಗೋಣವೋ ಬೇಡವೋ ಎಂದು ಚರ್ಚೆ ಮಾಡಲು ಜಾಗವೇ ಉಳಿಯುವುದಿಲ್ಲ. ನಷ್ಟವನ್ನು ಮುಂಚೆಯೇ ಹಂಚಿಕೊಂಡು ಕೂತ ಕೂಟವನ್ನು ಮುಟ್ಟಲು ಎದುರಾಳಿ ಹತ್ತು ಸಲ ಯೋಚಿಸುತ್ತಾನೆ.

ಇದಿಲ್ಲದ ಕೂಟದ ಗತಿ ಏನು ಅನ್ನುವುದಕ್ಕೆ ಅರ್ಮೇನಿಯಾವನ್ನು ನೋಡಬೇಕು. ರಷ್ಯಾ ನಡೆಸುವ ಸಾಮೂಹಿಕ ಭದ್ರತಾ ಕೂಟದಲ್ಲಿ ಅದೂ ಸದಸ್ಯ. ಅಲ್ಲಿಯ ಒಪ್ಪಂದದಲ್ಲೂ ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎಂದೇ ಇದೆ. 2022ರ ಸೆಪ್ಟೆಂಬರ್‌ನಲ್ಲಿ ಅಜರ್‌ಬೈಜಾನ್ ದಾಳಿ ಮಾಡಿದಾಗ ಅರ್ಮೇನಿಯಾ ನೆರವು ಕೇಳಿತು. ಕೂಟ ಕಳಿಸಿದ್ದು ಪರಿಸ್ಥಿತಿ ನೋಡಿಕೊಂಡು ಬರುವ ನಿಯೋಗವನ್ನು. 2024ರಲ್ಲಿ ಅರ್ಮೇನಿಯಾ ತನ್ನ ಭಾಗವಹಿಸುವಿಕೆಯನ್ನೇ ನಿಲ್ಲಿಸಿತು. ವಿಚಿತ್ರ ಅಂದರೆ ರಷ್ಯಾದ ಸೇನಾ ನೆಲೆ ಅರ್ಮೇನಿಯಾದ ಗ್ಯೂಮ್ರಿ ಊರಲ್ಲೇ ಇತ್ತು, ಈಗಲೂ ಇದೆ. ಅಂದರೆ ಸೈನ್ಯ ತಂದು ಕೂರಿಸಿದರಷ್ಟೇ ಸಾಲದು. ಆ ಸೈನ್ಯ ಯಾರ ಲೆಕ್ಕಕ್ಕೆ ಕೂತಿದೆ ಅನ್ನುವುದನ್ನೂ ನೋಡಬೇಕು.

ಇದನ್ನೆಲ್ಲ ಯೋಚಿಸುತ್ತಾ ಸಂಜೆ ಬರೀದ್ ಶಾಹಿ ಗೋರಿಗಳ ಉದ್ಯಾನಕ್ಕೆ ವಾಕಿಂಗ್ ಹೋದೆ. ಇವತ್ತು ಮಹಾಲಯ ಅಮಾವಾಸ್ಯೆ, ಜನ ಕಮ್ಮಿ ಇದ್ದರು. ಬೀದರಿನ ಸುಲ್ತಾನನಾಗಿದ್ದ ಅಲಿ ಬರೀದ್ ಶಾನ ಗೋರಿ ನಾಲ್ಕೂ ಕಡೆ ತೆರೆದುಕೊಂಡಿದೆ. ದೊಡ್ಡ ಕಮಾನುಗಳು, ಬಾಗಿಲಿಲ್ಲ. ಒಳಗೆ ತಲೆ ಎತ್ತಿ ನೋಡಿದರೆ ಬಣ್ಣದ ಹೆಂಚಿನ ಮೇಲೆ ಬರೆದ ಪಾರ್ಸಿ ಸಾಲುಗಳು ಇನ್ನೂ ಉಳಿದಿವೆ. ಕೆಲವು ಕಡೆ ಹೆಂಚು ಉದುರಿ ಗಾರೆ ಕಾಣುತ್ತದೆ. ಗಾಳಿ ಆ ಕಡೆಯಿಂದ ಈ ಕಡೆಗೆ ಸಲೀಸಾಗಿ ಬೀಸುತ್ತದೆ.

ಈ ಅಲಿ ಬರೀದ್ ಶಾ ಒಂದು ದೊಡ್ಡ ಕೂಟದ ಸದಸ್ಯನಾಗಿದ್ದ. 1565ರ ಜನವರಿ 23ರಂದು ಕೃಷ್ಣೆಯ ದಂಡೆಯಲ್ಲಿ ವಿಜಯನಗರದ ರಾಮರಾಯನ ಎದುರು ನಿಂತ ನಾಲ್ವರಲ್ಲಿ ಒಬ್ಬ. ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ್. ದಖ್ಖನಿನ ಐದನೇ ಸುಲ್ತಾನ ರಾಜ್ಯ ಬೇರಾರ್ ಸೇರಲಿಲ್ಲ. ಅದಕ್ಕೂ ಕೆಲವೇ ವರ್ಷ ಮೊದಲು ಇದೇ ಬಿಜಾಪುರದ ಅಲಿ ಆದಿಲ್ ಶಾ ರಾಮರಾಯನ ಜೊತೆ ಸೇರಿ ಅಹಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದ. ನಿನ್ನೆಯ ವೈರಿಗಳನ್ನು ಒಂದುಗೂಡಿಸಲು ಮದುವೆಗಳೇ ನಡೆದವು. ಅಹಮದ್‌ನಗರದ ಹುಸೇನ್ ನಿಜಾಮ್ ಶಾ ಮಗಳು ಚಾಂದ್ ಬೀಬಿಯನ್ನು ಅಲಿ ಆದಿಲ್ ಶಾನಿಗೆ ಕೊಟ್ಟು, ಜೊತೆಗೆ ಸೊಲ್ಲಾಪುರದ ಕೋಟೆಯನ್ನೂ ಕೊಟ್ಟ. ಆದಿಲ್ ಶಾನ ತಂಗಿ ಅಹಮದ್‌ನಗರಕ್ಕೆ ಸೊಸೆಯಾಗಿ ಹೋದಳು. ಸಹಿ, ಮುದ್ರೆ, ರಕ್ತಸಂಬಂಧ ಎಲ್ಲವೂ ಇತ್ತು. ಆ ಒಂದು ದಿನದ ಮಟ್ಟಿಗೆ ಕೂಟ ಗೆದ್ದಿತು. ಹೇಗೆ ಗೆದ್ದಿತು ಎಂದು ಹಂಪಿಯ ಕಲ್ಲುಗಳನ್ನು ನೋಡಿದವರಿಗೆ ಹೇಳಬೇಕಿಲ್ಲ.

ಆಮೇಲೆ ಏನಾಯಿತು? ಹತ್ತು ವರ್ಷ ತುಂಬುವುದರೊಳಗೆ, 1574ರಲ್ಲಿ, ಅಹಮದ್‌ನಗರ ಬೇರಾರನ್ನು ನುಂಗಿತು. 1619ರಲ್ಲಿ ಬಿಜಾಪುರ ಬೀದರನ್ನೇ ನುಂಗಿತು. ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದ ಮಿತ್ರನೇ! 1636ರಲ್ಲಿ ಅಹಮದ್‌ನಗರದ ನೆಲವನ್ನು ಮೊಗಲರೂ ಬಿಜಾಪುರದವರೂ ಹಂಚಿಕೊಂಡರು. ಉತ್ತರದಿಂದ ಅಷ್ಟು ದೊಡ್ಡ ಸೈನ್ಯ ಬರುವುದು ಕಾಣುತ್ತಿದ್ದರೂ ಒಬ್ಬರೂ ಇನ್ನೊಬ್ಬರ ನೆರವಿಗೆ ಗಟ್ಟಿಯಾಗಿ ನಿಲ್ಲಲಿಲ್ಲ. 1657ರಲ್ಲಿ ಔರಂಗಜೇಬ್ ಬೀದರ್ ಕೋಟೆ ಹಿಡಿದ. 1686ರಲ್ಲಿ ಬಿಜಾಪುರ ಬಿತ್ತು, ಮರುವರ್ಷ ಗೋಲ್ಕೊಂಡ.

ಒಬ್ಬ ವೈರಿಯ ಮೇಲಿನ ಭಯದಿಂದ ಮಾತ್ರ ಹುಟ್ಟಿದ ಕೂಟ ಆ ವೈರಿಯ ಜೊತೆಗೇ ಸತ್ತುಹೋಯಿತು. ಎಲ್ಲರಿಗೂ ಸೇರಿದ ಸೇನಾಪತಿ ಇಲ್ಲ, ಒಟ್ಟಿಗೆ ಕೂರುವ ಸಭೆ ಇಲ್ಲ, ಗೆದ್ದ ಮೇಲೆ ಗಡಿ ಯಾರದ್ದು ಎಂದು ತೀರ್ಮಾನಿಸುವ ದಾರಿಯೂ ಇಲ್ಲ. ನ್ಯಾಟೊ ಬೇರೆಯಾದದ್ದು ಇಲ್ಲೇ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಅದರ ಕೆಲಸವೂ ಮುಗಿಯಿತು ಎಂದವರು ಬಹಳ. ಮುಗಿಯಲಿಲ್ಲ. 1951ರಿಂದಲೇ ಅಲ್ಲಿ ಒಂದೇ ಸೇನಾ ಕಮಾಂಡ್ ಇತ್ತು. ಬೇರೆ ಬೇರೆ ದೇಶದ ಅಧಿಕಾರಿಗಳು ಒಂದೇ ಕೋಣೆಯಲ್ಲಿ ಕೂತು, ಒಂದೇ ಅಳತೆಯ ಗುಂಡು, ಒಂದೇ ರೇಡಿಯೊ ಭಾಷೆ ಬಳಸಿ ರೂಢಿಯಾಗಿತ್ತು. ಸೋವಿಯತ್ ಕಡೆಯ ವಾರ್ಸಾ ಕೂಟವೂ ಸೈನ್ಯ ಕೂಡಿಸಿತ್ತು. ಆದರೆ ಅದು ಒಟ್ಟಾಗಿ ಮಾಡಿದ ದೊಡ್ಡ ಕಾರ್ಯಾಚರಣೆ 1968ರಲ್ಲಿ ತನ್ನದೇ ಸದಸ್ಯ ಚೆಕೊಸ್ಲೊವಾಕಿಯಾದ ಮೇಲೆ. ಅಂಥ ಕೂಟ ಉಳಿಯುವುದು ಹೇಗೆ?

ನಮ್ಮ ನೆಲದಲ್ಲಿ ಇನ್ನೊಂದು ಪಾಠವೂ ಇದೆ. ನಾಲ್ಕು ದಿನದ ಹಿಂದೆ, 17ರಂದು, ಕಲ್ಯಾಣ ಕರ್ನಾಟಕ ಉತ್ಸವಕ್ಕೆ ಧ್ವಜ ಏರಿಸಿ ಬಂದೆವು. ಅವತ್ತು ಶಾಲೆಯಲ್ಲಿ ಮಕ್ಕಳಿಗೆ ಸಹಾಯಕ ಸೈನ್ಯ ಪದ್ಧತಿಯ ಬಗ್ಗೆ ಹೇಳಿದೆ. 1798ರಲ್ಲಿ ಹೈದರಾಬಾದಿನ ನಿಜಾಮ ಬ್ರಿಟಿಷರ ಜೊತೆ ಒಪ್ಪಂದ ಮಾಡಿಕೊಂಡ. ಫ್ರೆಂಚರು ತರಬೇತಿ ಕೊಟ್ಟಿದ್ದ ತನ್ನ ಪಡೆಯನ್ನು ವಿಸರ್ಜಿಸಿದ. ಕಂಪನಿಯ ಸೈನ್ಯದ ಖರ್ಚಿಗೆ 1800ರಲ್ಲಿ ಬಳ್ಳಾರಿ, ಅನಂತಪುರ, ಕಡಪ, ಕರ್ನೂಲಿನ ಸೀಮೆ ಬಿಟ್ಟುಕೊಟ್ಟ. 1853ರಲ್ಲಿ ಸೈನ್ಯದ ಬಾಕಿಗಾಗಿ ಬೇರಾರ್ ಹೋಯಿತು. ಮೊದಲ ಮಹಾಯುದ್ಧದಲ್ಲಿ ಹಣ ಸುರಿದದ್ದಕ್ಕೆ ಕೊನೆಯ ನಿಜಾಮನಿಗೆ ಬ್ರಿಟಿಷ್ ಸರ್ಕಾರದ ನಂಬಿಗಸ್ತ ಮಿತ್ರ ಎಂಬ ಬಿರುದು ಸಿಕ್ಕಿತು. 1947ರಲ್ಲಿ ಬ್ರಿಟಿಷರು ಹೊರಟಾಗ ಹಳೆಯ ಒಪ್ಪಂದಗಳೆಲ್ಲ ರದ್ದು. 1948ರ ಸೆಪ್ಟೆಂಬರ್‌ನಲ್ಲಿ ಭಾರತದ ಸೈನ್ಯ ಬಂದಾಗ ನಿಜಾಮನ ಪರ ಯಾರೂ ಬರಲಿಲ್ಲ. ಜನರ ಮಟ್ಟಿಗೆ ಅದು ಒಳ್ಳೆಯದೇ ಆಯಿತು, ರಜಾಕಾರರ ಹಾವಳಿ ನಿಂತಿತು. ಆದರೆ ಕಾಪಾಡುವ ಕೆಲಸವನ್ನು ಪೂರ್ತಿ ಇನ್ನೊಬ್ಬರ ಕೈಗೆ ಕೊಟ್ಟವನ ಸ್ಥಿತಿ ಅದು. ಆ ಒಪ್ಪಂದದಲ್ಲಿ ಇಬ್ಬರು ಸಮಾನರು ಇರಲೇ ಇಲ್ಲ.

ಯುರೋಪಿನ ಈಗಿನ ಚಿಂತೆಯೂ ಇದರ ಹತ್ತಿರದ್ದೇ. ಎಷ್ಟೋ ವರ್ಷ ಅವರು ರಕ್ಷಣೆಯ ಭಾರವನ್ನು ಅಮೆರಿಕದ ಮೇಲೆ ಹಾಕಿ ಕೂತರು. ಜೂನ್‌ನಲ್ಲಿ ಹೇಗ್‌ನ ನ್ಯಾಟೊ ಸಭೆಗೆ ಹೋಗುವಾಗ ಐದನೇ ವಿಧಿಗೆ ಹಲವು ಅರ್ಥಗಳಿವೆ ಎಂಬಂತೆ ಟ್ರಂಪ್ ಮಾತಾಡಿದರು. ಆ ಒಂದು ಮಾತು ಮಾಡಿದ ಹಾನಿಯನ್ನು ನೂರು ಟ್ಯಾಂಕ್ ತುಂಬಿಕೊಡಲಾರವು. ಯಾಕಂದರೆ ಇಂಥ ಕೂಟ ಕೆಲಸ ಮಾಡುವುದು ಎದುರಾಳಿಯ ತಲೆಯೊಳಗೆ. ಅಲ್ಲಿ ಅನುಮಾನ ಹುಟ್ಟಿದರೆ ಸಾಕು. ಅದೇ ಸಭೆಯಲ್ಲಿ 2035ರೊಳಗೆ ರಕ್ಷಣೆಗೆ ಜಿಡಿಪಿಯ ಶೇ 5ರಷ್ಟು ಖರ್ಚು ಮಾಡುತ್ತೇವೆ ಎಂದು ಒಪ್ಪಿದ್ದಾರೆ, ಸೈನ್ಯಕ್ಕೆ ನೇರವಾಗಿ ಶೇ 3.5, ರಸ್ತೆ, ಸೇತುವೆ, ಸೈಬರ್ ಮುಂತಾದವಕ್ಕೆ ಶೇ 1.5. ತಡವಾಯಿತು, ಆದರೂ ಒಳ್ಳೆಯದು. ಸಮುದ್ರದಡಿಯ ಕೇಬಲ್ ಕತ್ತರಿಸುವುದು, ಅಗ್ಗದ ಡ್ರೋನ್ ಬಿಟ್ಟು ದುಬಾರಿ ಕ್ಷಿಪಣಿ ಖರ್ಚು ಮಾಡಿಸುವುದು, ಇಂಥ ಸಣ್ಣ ಸಣ್ಣ ಏಟಿಗೆ ಐದನೇ ವಿಧಿ ಯಾವಾಗ ಅನ್ವಯ ಅನ್ನುವುದು ಮಾತ್ರ ಇನ್ನೂ ಗೊಂದಲವೇ.

ಉದ್ಯಾನದಿಂದ ಬರುವಾಗ ಓಣಿಯ ಹಿರಿಯರೊಬ್ಬರು ನಿಲ್ಲಿಸಿದರು. ಅವರ ಮಗ ರಿಯಾದ್‌ನಲ್ಲಿ ಎಲೆಕ್ಟ್ರಿಷಿಯನ್.

“ಸರ್, ಸೌದಿ, ಪಾಕಿಸ್ತಾನ್ ಕರಾರು ಆಗ್ಯಾದಂತಲ್ರಿ. ನಮ್ಮ ಹುಡುಗರಿಗೇನು ತೊಂದ್ರಿ ಆಗಲ್ಲಲ್ರಿ?”

“ಕೆಲಸಕ್ಕೇನೂ ಆಗಲ್ಲ ಚಾಚಾ. ಸೌದಿಗೆ ನಮ್ಮ ಜನ ಬೇಕು, ನಮಗೆ ಅವರ ಎಣ್ಣೆ ಬೇಕು” ಎಂದೆ.

ಸುಮ್ನೆ ಸಮಾಧಾನಕ್ಕೆ ಹೇಳಿದ ಮಾತಲ್ಲ. ಸೌದಿಯಲ್ಲಿ 25 ಲಕ್ಷದಷ್ಟು ಭಾರತೀಯರಿದ್ದಾರೆ. 17ರಂದು ರಿಯಾದ್‌ನಲ್ಲಿ ಸಹಿಯಾದ ಒಪ್ಪಂದ ಒಬ್ಬರ ಮೇಲಿನ ಆಕ್ರಮಣವನ್ನು ಇಬ್ಬರ ಮೇಲಿನ ಆಕ್ರಮಣ ಎಂದು ನೋಡುತ್ತದೆ. ಅದಕ್ಕೆ ಎಂಟು ದಿನ ಮೊದಲು ಇಸ್ರೇಲ್ ಕತಾರ್‌ನ ದೋಹಾದ ಮೇಲೆ ದಾಳಿ ಮಾಡಿತ್ತು. ಆ ಭಾಗದಲ್ಲೇ ಅಮೆರಿಕದ ಅತಿ ದೊಡ್ಡ ನೆಲೆ ಇರುವುದು ಕತಾರ್‌ನಲ್ಲಿ. ಅಮೆರಿಕದ ನೆರಳಲ್ಲಿ ಇದ್ದರೂ ಏಟು ತಪ್ಪಲಿಲ್ಲ ಎಂದು ಕೊಲ್ಲಿಯ ಎಲ್ಲ ಅರಸರೂ ಕಂಡರು.

ಪಾಕಿಸ್ತಾನಕ್ಕೆ ಇಂಥ ಒಪ್ಪಂದಗಳ ಹಳೇ ಅನುಭವ ಇದೆ. ಅಮೆರಿಕ, ಬ್ರಿಟನ್ ಬೆಂಬಲದ ಸೇನಾ ಕೂಟಗಳಾದ ಸಿಯಾಟೊ, ಸೆಂಟೊ ಎರಡರಲ್ಲೂ ಸದಸ್ಯನಾಗಿತ್ತು. 1965ರಲ್ಲೂ 1971ರಲ್ಲೂ ಆ ಕೂಟಗಳು ಅದರ ಪರ ಯುದ್ಧಕ್ಕೆ ಬರಲಿಲ್ಲ. ಭಾರತ 1971ರ ಆಗಸ್ಟ್‌ನಲ್ಲಿ ಸೋವಿಯತ್ ಜೊತೆ ಮಾಡಿಕೊಂಡ ಒಪ್ಪಂದ ಅದಕ್ಕಿಂತ ಮೆತ್ತಗಿನದು. ದಾಳಿಯ ಭೀತಿ ಬಂದರೆ ಕೂಡಲೇ ಕೂತು ಮಾತಾಡೋಣ, ತಕ್ಕ ಕ್ರಮ ತೆಗೆದುಕೊಳ್ಳೋಣ ಎಂದಷ್ಟೇ ಅದರಲ್ಲಿತ್ತು. ಡಿಸೆಂಬರ್‌ನಲ್ಲಿ ಅಮೆರಿಕದ ಏಳನೇ ನೌಕಾಪಡೆ ಬಂಗಾಳ ಕೊಲ್ಲಿಯ ಕಡೆ ಬಂದಾಗ ಸೋವಿಯತ್ ಹಡಗುಗಳು ಹಿಂದೆಯೇ ಬಂದವು. ದೊಡ್ಡ ದೇಶವಾದ ನಮಗೆ ಇಷ್ಟು ಸಾಕು, ಯಾವ ಕೂಟಕ್ಕೂ ಕಟ್ಟುಬೀಳದೆ ಇರುವುದೇ ಸರಿ ಎಂದು ನನಗೂ ಅನಿಸುತ್ತದೆ. ಎಸ್ಟೋನಿಯಾಕ್ಕೆ ಆ ಅನುಕೂಲ ಇಲ್ಲ. ಅಲಿಪ್ತವಾಗಿರಿ ಎಂದು ಅವರಿಗೆ ನಾವು ಇಲ್ಲಿ ಕೂತು ಉಪದೇಶ ಮಾಡಬಾರದು.

ಸೌದಿಯ ವಿಷಯಕ್ಕೆ ಬಂದರೆ, 2015ರಲ್ಲಿ ಯೆಮನ್ ಯುದ್ಧಕ್ಕೆ ಸೌದಿ ನೆರವು ಕೇಳಿದಾಗ ಪಾಕಿಸ್ತಾನದ ಸಂಸತ್ತು ತಟಸ್ಥವಾಗಿರೋಣ ಎಂದು ನಿರ್ಣಯ ಮಾಡಿತು. ಪಾಕಿಸ್ತಾನದ ಸೈನಿಕರು ಎಷ್ಟೋ ದಶಕಗಳಿಂದ ಸೌದಿಯಲ್ಲಿ ಇದ್ದಾರೆ, ಆದರೂ ಹಾಗಾಯಿತು. ಈಗ ಸಹಿ ಇದೆ, ಫೋಟೊ ಇದೆ. ಇಬ್ಬರ ಸೈನ್ಯಕ್ಕೂ ಸೇರಿ ಒಂದು ಕಮಾಂಡ್ ಬರುತ್ತದೆಯಾ, ಯೆಮನ್ ಕಡೆಯಿಂದ ಸೌದಿಗೆ ಮತ್ತೆ ಕ್ಷಿಪಣಿ ಬಂದರೆ ಇಸ್ಲಾಮಾಬಾದಿನ ಸಂಸತ್ತು ಈ ಸಲ ಏನು ಹೇಳುತ್ತದೆ, ಈ ಎರಡನ್ನು ನಾನು ಕಾದು ನೋಡುತ್ತೇನೆ. ಚಾಚಾ ಅವರಿಗೂ ಅದನ್ನೇ ಹೇಳಿದ್ದೇನೆ. ಮಗನಿಗೆ ರಜೆ ಸಿಕ್ಕಿದೆಯಂತೆ, ಮುಂದಿನ ತಿಂಗಳು ಊರಿಗೆ ಬರುತ್ತಾನಂತೆ. ಅವನನ್ನೇ ಕೂರಿಸಿಕೊಂಡು ಅಲ್ಲಿಯ ಜನ ಏನು ಮಾತಾಡಿಕೊಳ್ಳುತ್ತಾರೆ ಎಂದು ಕೇಳಬೇಕು.