ಮತ್ತೆ ಜಾರ್ಜಿಯಾ!

17 ನವೆಂಬರ್ 2024, ಭಾನುವಾರ

ನಿನ್ನೆ ಜೂನಿಯರ್ ಯೂರೋವಿಷನ್, ಅಂದರೆ ಯೂರೋಪಿನ ದೇಶಗಳ ನಡುವಿನ ಮಕ್ಕಳ ಹಾಡಿನ ಸ್ಪರ್ಧೆಯ ಫೈನಲ್ ಮುಗಿಯುವಷ್ಟರಲ್ಲಿ ನಮ್ಮ ಗಡಿಯಾರದಲ್ಲಿ ಮಧ್ಯರಾತ್ರಿ ದಾಟಿತ್ತು. ಮ್ಯಾಡ್ರಿಡ್‌ನಲ್ಲಿ, ಟೆನಿಸ್ ಪಂದ್ಯಗಳು ನಡೆಯುವ ಕ್ರೀಡಾಂಗಣದಲ್ಲಿ ಸ್ಪರ್ಧೆ. ಗೆದ್ದದ್ದು ಜಾರ್ಜಿಯಾದ ಹುಡುಗ ಆಂಡ್ರಿಯಾ ಪುತ್ಕರಾಡ್ಜೆ. ಅಮ್ಮನ ಮೇಲಿನ ಹಾಡು. ಪೋರ್ಚುಗಲ್ ಎರಡನೆಯದು, ಉಕ್ರೇನ್ ಮೂರನೆಯದು.

ಜಾರ್ಜಿಯಾಕ್ಕೆ ಇದು ನಾಲ್ಕನೇ ಕಿರೀಟ. 2008, 2011, 2016, ಈಗ ಇದು. 2024ರವರೆಗೆ ಇಷ್ಟು ಸಲ ಬೇರೆ ಯಾವ ದೇಶವೂ ಗೆದ್ದಿರಲಿಲ್ಲ. 37 ಲಕ್ಷ ಚಿಲ್ಲರೆ ಜನ ಇರುವ ದೇಶ ಕಣ್ರೀ, ಬೆಂಗಳೂರಿನ ಅರ್ಧಕ್ಕೂ ಕಡಿಮೆ!

ಈ ಸ್ಪರ್ಧೆ ಶುರುವಾದದ್ದು 2003ರಲ್ಲಿ, ಕೋಪನ್‌ಹೇಗನ್‌ನಲ್ಲಿ. 9ರಿಂದ 14 ವರ್ಷದ ಮಕ್ಕಳು ಹಾಡಬೇಕು, ಹಾಡಿನ ಹೆಚ್ಚಿನ ಭಾಗ ತಮ್ಮ ದೇಶದ ಭಾಷೆಯಲ್ಲೇ ಇರಬೇಕು. ನನಗೆ ಇದು ಇಷ್ಟವಾಗೋದಕ್ಕೆ ಈ ಎರಡನೇ ನಿಯಮವೇ ಕಾರಣ. ದೊಡ್ಡವರ ಯೂರೋವಿಷನ್‌ನಲ್ಲಿ ಅರ್ಧಕ್ಕರ್ಧ ಇಂಗ್ಲಿಷ್ ಹಾಡುಗಳೇ. ಇಲ್ಲಿ ಒಂದೇ ರಾತ್ರಿ ಜಾರ್ಜಿಯನ್, ಅರ್ಮೇನಿಯನ್, ಮಾಲ್ಟೀಸ್ ಎಲ್ಲ ಕಿವಿಗೆ ಬೀಳುತ್ತವೆ.

ಜಾರ್ಜಿಯಾ ದೊಡ್ಡವರ ಸ್ಪರ್ಧೆಗೂ ಮಕ್ಕಳ ಸ್ಪರ್ಧೆಗೂ ಕಾಲಿಟ್ಟದ್ದು ಒಂದೇ ವರ್ಷ, 2007ರಲ್ಲಿ. ಮಕ್ಕಳು ಮೊದಲ ಸಲವೇ, ರಾಟರ್‌ಡ್ಯಾಮ್‌ನಲ್ಲಿ, ನಾಲ್ಕನೇ ಸ್ಥಾನಕ್ಕೆ ಬಂದರು. ದೊಡ್ಡವರು ಇವತ್ತಿನವರೆಗೆ ಒಂಬತ್ತಕ್ಕಿಂತ ಮೇಲೆ ಏರಿಲ್ಲ. 2017ರಿಂದ 2023ರವರೆಗಂತೂ ಒಂದು ಸಲವೂ ಫೈನಲ್ ಮುಖ ನೋಡಲಿಲ್ಲ. ಅದೇ ದೇಶ, ಅದೇ ಟಿವಿ ಸಂಸ್ಥೆ. ಹಾಗಾದರೆ ಮಕ್ಕಳು ಮಾತ್ರ ಗೆಲ್ಲೋದು ಹೇಗೆ?

ನನ್ನ ಲೆಕ್ಕ ಇಷ್ಟೇ: ಅವರು ಮಕ್ಕಳಿಗೆ ವಿಚಿತ್ರವಾಗಿರಲು ಬಿಡುತ್ತಾರೆ. 2008ರಲ್ಲಿ ಸೈಪ್ರಸ್‌ನ ಲಿಮಸೋಲ್‌ನಲ್ಲಿ ಗೆದ್ದ ಹಾಡಿನ ವಿಡಿಯೊ ಇವತ್ತು ಬೆಳಿಗ್ಗೆ ಮತ್ತೆ ಹಾಕಿಕೊಂಡು ಕೂತಿದ್ದೆ. ತಂಡದ ಹೆಸರು ಬ್ಜಿಕೆಬಿ, ಅಂದರೆ ಕಣಜಗಳು. ಒಬ್ಬ ಹುಡುಗ, ಇಬ್ಬರು ಹುಡುಗಿಯರು, ಮೈತುಂಬಾ ಹಳದಿ-ಕಪ್ಪು. ಹಾಡಿನಲ್ಲಿ ಅರ್ಥವಿರುವ ಪದವೇ ಇಲ್ಲ. ಬ್ಜ್ಜ್ ಅಂತ ಗುಂಯ್‌ಗುಡುತ್ತಾ ತಾವೇ ಕಟ್ಟಿದ ಭಾಷೆಯಲ್ಲಿ ಹಾಡುತ್ತಾರೆ. ಕೇಳೋಕೆ ತಮಾಷೆ. ಆದರೆ ಸ್ವಲ್ಪ ಗಮನ ಕೊಟ್ಟು ಕೇಳಿ. ಮೂರೂ ದನಿಗಳು ತಾಳ ತಪ್ಪದೆ ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ನುರಿತ ಗಾಯಕರಿಗೂ ಬೆವರು ಬರಿಸುವ ಕೆಲಸ ಅದು. ದೊಡ್ಡವರ ಸ್ಪರ್ಧೆಗೆ ಇಂಥದ್ದನ್ನು ಕಳಿಸೋಣ ಅಂದರೆ ಸಮಿತಿಯವರು ‘ಜನ ಏನಂದಾರು’ ಅಂತ ತಲೆ ಕೆರೆದುಕೊಳ್ಳುತ್ತಿದ್ದರೋ ಏನೋ.

ಆ ವರ್ಷ ಆಗಸ್ಟ್‌ನಲ್ಲಷ್ಟೇ ರಷ್ಯಾ ಜೊತೆ ಐದು ದಿನದ ಯುದ್ಧ ಮುಗಿದಿತ್ತು. ನವೆಂಬರ್‌ನಲ್ಲಿ ಈ ಮೂವರು ಗುಂಯ್‌ಗುಟ್ಟುತ್ತಾ ಗೆದ್ದು ಬಂದರು. ಮರುವರ್ಷ ದೊಡ್ಡವರ ಸ್ಪರ್ಧೆ ನಡೆದದ್ದು ಮಾಸ್ಕೋದಲ್ಲಿ. ಜಾರ್ಜಿಯಾ ಆರಿಸಿದ ಹಾಡಿನಲ್ಲಿ ಪುಟಿನ್‌ಗೆ ಕುಟುಕಿದಂತಿದೆ ಅಂತ ಆಯೋಜಕರು ತಕರಾರು ತೆಗೆದರು. ಇವರು ಸಾಹಿತ್ಯ ಬದಲಿಸಲ್ಲ ಅಂದರು, ಹೋಗಲೂ ಇಲ್ಲ.

2011ರಲ್ಲಿ ಯೆರೆವಾನ್‌ನಲ್ಲಿ ಕ್ಯಾಂಡಿ ಅನ್ನುವ ಐದು ಹುಡುಗಿಯರ ತಂಡ. ಗೆದ್ದದ್ದು ಬರೀ 5 ಅಂಕದಿಂದ, 108ಕ್ಕೆ 103. ನನಗೆ ಆ ಹಾಡು ಜಾಸ್ತಿ ಸಿಹಿ, ಅದರ ಬಗ್ಗೆ ಇಷ್ಟು ಸಾಕು. 2016ರ ಮರಿಯಂ ಮಮದಶ್ವಿಲಿ ಬೇರೆಯೇ ಮಾತು. ವ್ಯಾಲೆಟ್ಟಾದಲ್ಲಿ ಹನ್ನೊಂದು ವರ್ಷದ ಹುಡುಗಿ ಸೂರ್ಯನನ್ನು ಕರೆದು ಹಾಡಿದಳು. ಆ ದನಿ ಇಷ್ಟು ಪುಟ್ಟ ಮೈಯಿಂದ ಬರ್ತಿದೆ ಅಂತ ನಂಬೋಕೇ ಕಷ್ಟ.

ಇನ್ನೊಂದು ಕಾರಣ ಹಳೆಯದು. ಜಾರ್ಜಿಯಾದವರು ಮೂರು ದನಿಗಳಲ್ಲಿ ಸೇರಿ ಹಾಡುವ ಪದ್ಧತಿಗೆ ಯುನೆಸ್ಕೊ ಮನ್ನಣೆಯೇ ಇದೆ. ಊಟದ ಮೇಜಿನ ಸುತ್ತ ಕೂತವರೂ ಹಾಗೆ ಹಾಡುತ್ತಾರೆ. ಅಂಥದ್ದೊಂದು ಹಾಡು, ಚಾಕ್ರುಲೊ, 1977ರಲ್ಲಿ ವಾಯೇಜರ್ ನೌಕೆಯ ಚಿನ್ನದ ಧ್ವನಿಮುದ್ರಿಕೆ ತಟ್ಟೆ ಏರಿ ಬಾಹ್ಯಾಕಾಶಕ್ಕೆ ಹೋಯಿತು. ಅಂದಹಾಗೆ ಅದೇ ತಟ್ಟೆಯಲ್ಲಿ ಹಿಂದೂಸ್ತಾನಿ ಗಾಯಕಿ ಕೇಸರ್‌ಬಾಯಿ ಕೇರ್ಕರ್ ಅವರ ಭೈರವಿ ಇದೆ, ಕನ್ನಡದಲ್ಲಿ ಒಂದು ನಮಸ್ಕಾರವೂ ಇದೆ. ನಾವೂ ಜಾರ್ಜಿಯಾದವರೂ ಸೌರಮಂಡಲದ ಆಚೆ ಸಹಪ್ರಯಾಣಿಕರು ಅಂತಾಯ್ತು!

ಈ ಸಲವೂ ಅಲ್ಲಿ ನೆಮ್ಮದಿಯ ದಿನಗಳೇನಲ್ಲ. ಅಕ್ಟೋಬರ್ 26ರ ಚುನಾವಣೆಯಲ್ಲಿ ಮೋಸ ಆಗಿದೆ ಅಂತ ವಿರೋಧ ಪಕ್ಷಗಳು ದೂರುತ್ತಿವೆ, ರಾಜಧಾನಿ ಟ್ಬಿಲಿಸಿಯ ಬೀದಿಗಳಲ್ಲಿ ಪ್ರತಿಭಟನೆ ನಡೆಯುತ್ತಿದೆ. ಆ ಹುಡುಗನ ಗೆಲುವನ್ನು ಯಾವ ಕಡೆಯವರು ತಮ್ಮದು ಅಂತ ಎತ್ತಿ ಆಡಿಸುತ್ತಾರೋ ಅನ್ನೋದೇ ನನಗೆ ಕಸಿವಿಸಿ. ಮಗುವಿನ ಗೆಲುವು, ಸುಮ್ನೆ ಬಿಡಬಾರದಾ?

ಒಂದು ಗೊಣಗಾಟವೂ ಇದೆ. ಆನ್‌ಲೈನ್ ಮತವನ್ನು ಜಗತ್ತಿನ ಯಾವ ಮೂಲೆಯಿಂದಲಾದರೂ ಹಾಕಬಹುದು, ಸರಿ. ಆದರೆ ಅವರವರ ದೇಶಕ್ಕೇ ಅವರು ಹಾಕಿಕೊಳ್ಳಬಹುದು ಅನ್ನೋದು ಯಾವ ನ್ಯಾಯ? ಮೂರು ಹಾಡು ಆರಿಸಬೇಕು ಅಂತ ನಿಯಮ ಇದೆ ನಿಜ, ಮೊದಲ ಟಿಕ್ ಎಲ್ಲಿ ಬೀಳುತ್ತೆ ಅಂತ ಎಲ್ಲರಿಗೂ ಗೊತ್ತು.

ಮುಂದಿನ ಮೇ ತಿಂಗಳಲ್ಲಿ ಬಾಸೆಲ್‌ನಲ್ಲಿ ದೊಡ್ಡವರ ಸರದಿ. ಜಾರ್ಜಿಯಾಕ್ಕೆ ನನ್ನ ಸಲಹೆ, ಈ ಹುಡುಗನನ್ನೇ ಕಳಿಸಿಬಿಡಿ ಅಂತ. ಆದರೆ ಅಲ್ಲಿ ಹಾಡೋಕೆ 16 ತುಂಬಿರಬೇಕಂತೆ.