ಬೆಳಗ್ಗೆ ಏಳಕ್ಕೇ ಬಿಸಿಯಾಗಿದ್ದ ಬಾನೆಟ್

ಕಳೆದ ಭಾನುವಾರ ಜಯನಗರದ ಆ ಮನೆಯ ಗೇಟು ದಾಟಿದೊಡನೆ ನನ್ನ ಜೊತೆಗಿದ್ದ ಮೆಕ್ಯಾನಿಕ್ ಮಾಡಿದ ಮೊದಲ ಕೆಲಸವೆಂದರೆ, ನಾನು ಕೊಳ್ಳಲೆಂದು ನೋಡಲು ಹೋಗಿದ್ದ 2012ರ ಬಿಎಂಡಬ್ಲ್ಯು 520ಡಿ ಕಾರಿನ ಬಾನೆಟ್ ಮೇಲೆ ಅಂಗೈ ಊರಿದ್ದು. ನಮಸ್ಕಾರ ಹೇಳುವ ಮೊದಲೇ ಅವರು ಕೇಳಿದರು: “ಏಳು ಗಂಟೆಗೇ ಬಿಸಿಯಾಗಿದೆಯಲ್ಲ ಸರ್?”

“ನೀವು ಬರ್ತೀರಿ ಅಂತ ತೊಳೆಸಿ, ಒಂದು ಸುತ್ತು ಓಡಿಸಿ ತಂದೆ,” ಎಂದರು ಮಾಲೀಕರು.

ಈ ಎರಡು ಮಾತುಗಳು ವಾರವಿಡೀ ನನ್ನ ಕಿವಿಯಲ್ಲಿವೆ. ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಎಂದು ಹಿಂದಿನ ರಾತ್ರಿಯೇ ಫೋನಿನಲ್ಲಿ ಎರಡು ಬಾರಿ ಕೇಳಿಕೊಂಡಿದ್ದೆ. ಆ ಕಾಲದ 520ಡಿಯಲ್ಲಿರುವ ಎನ್47 ಡೀಸೆಲ್ ಇಂಜಿನ್ನಿನ ಟೈಮಿಂಗ್ ಚೈನ್, ಅಂದರೆ ಪಿಸ್ಟನ್ನುಗಳ ಓಟಕ್ಕೆ ಸರಿಯಾಗಿ ವಾಲ್ವುಗಳನ್ನು ತೆರೆದು ಮುಚ್ಚಿಸುವ ಸರಪಳಿ, ಇರುವುದು ಹಿಂಬದಿಯಲ್ಲಿ, ಗೇರ್‌ಬಾಕ್ಸಿನ ಕಡೆಗೆ. ಅದು ಸವೆದು ಸಡಿಲಗೊಂಡಿದ್ದರೆ, ರಾತ್ರಿಯೆಲ್ಲ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡಿದಾಗ, ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್‌ಗೆ ಆಯಿಲ್ ಒತ್ತಡ ತಲುಪುವವರೆಗಿನ ಕೆಲವೇ ಸೆಕೆಂಡು ಗರಗರ ಸದ್ದು ಕೇಳಿಸಬಹುದು. ಇಂಜಿನ್ ಬಿಸಿಯಾಗಿದ್ದರೆ ಆ ಸುಳಿವೇ ಸಿಗದೆ ಹೋಗಬಹುದು. ಚೈನ್ ಬದಲಿಸಲು ಇಂಜಿನ್ನನ್ನೋ ಗೇರ್‌ಬಾಕ್ಸನ್ನೋ ಕೆಳಗಿಳಿಸಬೇಕು. ತುಂಡಾದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಇಂಜಿನ್ನೇ ಹಾಳಾಗುತ್ತದೆ.

ಮಾಲೀಕರು ಕೆಟ್ಟವರೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ಕಾಫಿ ಕೊಟ್ಟರು, ಹಾಸನದ ತಮ್ಮ ತೋಟಕ್ಕೆ ಆ ಕಾರಿನಲ್ಲಿ ಓಡಾಡಿದ ದಿನಗಳನ್ನು ನೆನೆಯುವಾಗ ಅವರ ದನಿ ಮೆತ್ತಗಾಯಿತು. ಮನೆಗೆ ನೆಂಟರು ಬರುವ ಮುನ್ನ ಅಂಗಳ ಗುಡಿಸುವಂತೆ ಗಾಡಿಯನ್ನೂ ಸಜ್ಜುಗೊಳಿಸಿದ್ದಿರಬಹುದು. ಆದರೆ ಓಡೋಮೀಟರ್ 92,000 ಕಿ.ಮೀ. ತೋರಿಸುತ್ತಿತ್ತು; ಫೈಲಿನಲ್ಲಿದ್ದ ಸರ್ವಿಸ್ ಬಿಲ್ಲುಗಳು 58,000ಕ್ಕೇ ನಿಂತಿದ್ದವು. ಜೆಡ್‌ಎಫ್ ಕಂಪನಿ ತಯಾರಿಸಿದ ಎಂಟು ಗೇರಿನ ಆ ಗೇರ್‌ಬಾಕ್ಸಿನ ಆಯಿಲನ್ನು 80,000ದಿಂದ 1,20,000 ಕಿ.ಮೀ. ನಡುವೆ ಬದಲಿಸಬೇಕೆಂದು ಆ ಕಂಪನಿಯೇ ಹೇಳುತ್ತದೆ. ಅದನ್ನು ಕೇಳಿದರೆ, “ಜರ್ಮನ್ ಗಾಡಿ ಸರ್, ಏನೂ ಆಗಲ್ಲ,” ಎಂಬ ಉತ್ತರ ಬಂತು.

ನನ್ನನ್ನು ನೋಯಿಸಿದ್ದು ಆ ಉತ್ತರವೇ. ಜರ್ಮನಿಯ ಎಂಜಿನಿಯರುಗಳು ಎಷ್ಟೇ ಶ್ರದ್ಧೆಯಿಂದ ಕಟ್ಟಿದ್ದರೂ, ಇಷ್ಟು ವರ್ಷಗಳ ಬಳಿಕ ಆ ಕಾರಿನಲ್ಲಿ ಉಳಿದಿರುವುದು ಅದನ್ನು ಇಟ್ಟುಕೊಂಡವರ ಶ್ರದ್ಧೆ ಮಾತ್ರ. ಹೊತ್ತಿಗೆ ಸರಿಯಾಗಿ ಬದಲಿಸಿದ ಆಯಿಲಿನ ಒಂದು ಬಿಲ್ಲು ಮುಂಭಾಗದ ಲಾಂಛನಕ್ಕಿಂತ ಹೆಚ್ಚಿನದನ್ನು ನನಗೆ ಹೇಳುತ್ತಿತ್ತು.

ಗುರುವಾರ ಅವರೇ ಫೋನು ಮಾಡಿ, ಐವತ್ತು ಸಾವಿರ ಕಡಿಮೆ ಮಾಡುತ್ತೇನೆ ಎಂದರು. ಬೆಲೆ ಇಳಿಸುವುದು ಬೇಡ, ಇಂಜಿನ್ ತಣ್ಣಗಿರುವಾಗ ಒಮ್ಮೆ ಬರಬಹುದೇ ಎಂದು ಕೇಳಿದೆ. ನೋಡಿ ಹೇಳುತ್ತೇನೆ ಎಂದವರು ಮತ್ತೆ ಕರೆ ಮಾಡಿಲ್ಲ.